ರಿಪೀಟ್ ಸ್ನ್ಯಾಗ್: ಸೇನೆಯ ಅಪಘಾತವನ್ನು ಬುಡದವರೆಗೆ ಹುಡುಕುವ ಬಗೆ

ಹ್ಯಾಂಗರ್‌ನಲ್ಲಿ ದೋಷಕ್ಕೆ ‘ಸ್ನ್ಯಾಗ್’ ಅನ್ನುತ್ತೇವೆ. ಸರಿಮಾಡಿ ಸಹಿ ಹಾಕಿದ ಮೇಲೂ ಅದೇ ದೋಷ ತಿರುಗಿ ಬಂದರೆ ಅದು ‘ರಿಪೀಟ್ ಸ್ನ್ಯಾಗ್’. ಇದು ಬಂದರೆ ಎಲ್ಲರ ಮುಖ ಬಾಡುತ್ತದೆ. ಮೊದಲ ಸಲ ಮಾಡಿದ್ದು ರಿಪೇರಿಯೇ ಅಲ್ಲ ಅಂತ ತಾನೇ ಅದರ ಅರ್ಥ?

ನಾನು ಹೊಸಬನಾಗಿದ್ದಾಗ ಒಂದು ವಿಮಾನದ ಎಡರೆಕ್ಕೆಯ ಕೆಳಗೆ ಬೆಳಗಾದರೆ ನಾಲ್ಕೈದು ಹನಿ ಇಂಧನ ಬಿದ್ದಿರುತ್ತಿತ್ತು. ಪೈಪ್ ಜೋಡಣೆಯ ರಬ್ಬರ್ ಸೀಲ್ ಹೋಗಿತ್ತು. ಬದಲಾಯಿಸಿದೆವು. ಪುಸ್ತಕದಲ್ಲಿ ‘ಸೀಲ್ ಬದಲಾಯಿಸಿದೆ, ಪರೀಕ್ಷಿಸಿದೆ, ಸರ್ವಿಸಬಲ್’, ಅಂದರೆ ಹಾರಾಟಕ್ಕೆ ಸರಿಯಿದೆ, ಅಂತ ಬರೆದು ಸಹಿ ಹಾಕಿದೆವು. ಎರಡು ವಾರಕ್ಕೆ ಮತ್ತೆ ಹನಿ. ಮತ್ತೆ ಸೀಲ್, ಮತ್ತೆ ಸಹಿ. ಮೂರನೇ ಸಲ ನಮ್ಮ ಸೀನಿಯರ್ ಒಬ್ಬರು, ಹಾಸನದ ಕಡೆಯವರು, ಏಣಿ ಹತ್ತಿ ಬಂದರು. ನನ್ನ ಕೈಯಲ್ಲಿದ್ದ ಹೊಸ ಸೀಲ್ ನೋಡಿ, “ಸೀಲ್ ಏನು ತಪ್ಪು ಮಾಡಿದೆಯಪ್ಪಾ? ಅದನ್ನ ಆಮೇಲೆ ಹಾಕುವೆಯಂತೆ. ಮೊದಲು ಆ ಕ್ಲಾಂಪ್ ಬಿಚ್ಚು” ಅಂದರು. ಬಿಚ್ಚಿದೆ. ಪೈಪ್ ಟಣ್ ಅಂತ ಒಂದು ಬೆರಳಗಲ ಪಕ್ಕಕ್ಕೆ ಜಿಗಿಯಿತು. ಅದನ್ನು ಬಲವಂತವಾಗಿ ಎಳೆದು ಕಟ್ಟಿದ್ದರು. ಯಾವಾಗಲೋ, ಯಾರೋ, ಅಳತೆ ತಪ್ಪಿದ ಬ್ರಾಕೆಟ್ ಕೂರಿಸಿದ್ದರು. ಪಾಪ, ಸೀಲ್ ಹಗಲೂ ರಾತ್ರಿ ಆ ಎಳೆತ ತಡೆದು ತಡೆದು ಸಾಯುತ್ತಿತ್ತು.

ಸೇನೆಯಲ್ಲಿ ಅಪಘಾತವಾದಾಗ ಬರುವ ತನಿಖಾ ವರದಿಗಳನ್ನು ಅಂದಿನಿಂದ ನಾನು ಹೀಗೇ ಓದುತ್ತೇನೆ. ವರದಿ ಸೀಲ್ ಹತ್ತಿರವೇ ನಿಂತಿತಾ? ಕ್ಲಾಂಪ್ ಬಿಚ್ಚಿತಾ? ಆ ಬ್ರಾಕೆಟ್‌ಗೆ ‘ಸರಿಯಿದೆ’ ಅಂತ ಸಹಿ ಬಿದ್ದ ಮೇಜಿನವರೆಗೆ ಹೋಯಿತಾ? ಹಾಗೆ ಮೇಲೇರುತ್ತಾ ಹುಡುಕುವ ಕ್ರಮ ಇಲ್ಲಿದೆ. ಇದಕ್ಕೆ ಒಂದು ವಿಮಾನವನ್ನು ಪೂರ್ತಿ ಬಿಚ್ಚೋಣ: ಬ್ರಿಟನ್ ವಾಯುಪಡೆಯ ನಿಮ್ರಾಡ್ ಎಂಆರ್ 2, ನಂಬರ್ ಎಕ್ಸ್‌ವಿ 230. ಸೇನೆಯ ವಿಮಾನಗಳ ಸುರಕ್ಷತೆಯನ್ನು ಯಾರು, ಹೇಗೆ ಕಾಯಬೇಕು ಅನ್ನೋ ನಿಯಮವನ್ನು ಒಂದು ದೇಶ ಬುಡದಿಂದ ಮತ್ತೆ ಬರೆದುಕೊಳ್ಳುವಂತೆ ಮಾಡಿದ ಅಪಘಾತ ಅದು. ನಡುವೆ ಬೇರೆ ವಿಮಾನಗಳೂ ಬರುತ್ತವೆ, ನಮ್ಮವೂ.

ಮೊದಲು ಲಕ್ಷಣ ಬರೆಯಿರಿ

2006ರ ಸೆಪ್ಟೆಂಬರ್ 2. ಅಫ್ಘಾನಿಸ್ತಾನದ ಕಂದಹಾರ್ ಪ್ರಾಂತ್ಯ. ಕೆಳಗೆ ನ್ಯಾಟೊ ಪಡೆಗಳ ಕಾರ್ಯಾಚರಣೆ, ಮೇಲೆ ನಿಮ್ರಾಡ್‌ನ ಕಣ್ಗಾವಲು. ಆಕಾಶದಲ್ಲೇ ಟ್ರೈಸ್ಟಾರ್ ಟ್ಯಾಂಕರ್‌ನಿಂದ ಇಂಧನ ತುಂಬಿಸಿಕೊಂಡು ಒಂದೆರಡು ನಿಮಿಷ ಆಗಿತ್ತು ಅಷ್ಟೆ. ಹೆಚ್ಚುಕಡಿಮೆ ಒಟ್ಟಿಗೇ ಎರಡು ಎಚ್ಚರಿಕೆ ಬಂದವು. ಬಾಂಬ್ ಬೇಯಲ್ಲಿ, ಅಂದರೆ ಬಾಂಬ್ ಇಡುವ ಹೊಟ್ಟೆಭಾಗದಲ್ಲಿ, ಬೆಂಕಿ; ಹಿಂಭಾಗದಿಂದ ಹೊಗೆ. ಸಿಬ್ಬಂದಿ ಕ್ಯಾಬಿನ್ನಿನ ಒತ್ತಡ ಇಳಿಸಿದರು, ಮೇಡೇ ಕರೆ ಕೊಟ್ಟರು, ವಿಮಾನವನ್ನು ಕಂದಹಾರ್ ನೆಲೆಯ ಕಡೆ ತಿರುಗಿಸಿದರು. ಬಲಗಡೆ ಎಂಜಿನ್‌ಗಳ ಹಿಂದೆ ಜ್ವಾಲೆ ಕಂಡಿತು. ಮೊದಲ ಎಚ್ಚರಿಕೆ ಬಂದ ಆರು ನಿಮಿಷದ ಆಸುಪಾಸಿನಲ್ಲಿ ವಿಮಾನ ಗಾಳಿಯಲ್ಲೇ ಸ್ಫೋಟಿಸಿತು. ಅಲ್ಲೇ ಹಾರುತ್ತಿದ್ದ ಹ್ಯಾರಿಯರ್ ವಿಮಾನದ ಪೈಲಟ್ ಅದನ್ನು ಕಣ್ಣಾರೆ ಕಂಡರು. ಒಳಗಿದ್ದ 14 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಈ ಹಂತದಲ್ಲಿ ‘ಇಂಧನ ಸೋರಿ ಬೆಂಕಿ’ ಅಂತ ಬರೆಯಲು ಕೈ ಓಡುತ್ತದೆ. ಬೇಡ. ಅದು ನಿಮ್ಮ ಊಹೆ. ನಾವು ಡಾಕ್ಟರ ಹತ್ತಿರ ಹೋಗಿ “ಗ್ಯಾಸ್ಟ್ರಿಕ್ ಆಗಿದೆ ಸರ್” ಅನ್ನುತ್ತೇವೆ ಅಲ್ವಾ, “ಎದೆ ಉರಿಯುತ್ತಿದೆ” ಅನ್ನೋದಿಲ್ಲ. ಒಳ್ಳೆಯ ಡಾಕ್ಟರಾದರೆ ಅದನ್ನು ಪಕ್ಕಕ್ಕಿಟ್ಟು ಎಲ್ಲಿ ಉರಿ, ಯಾವಾಗಿಂದ, ಊಟಕ್ಕೆ ಮುಂಚೆಯಾ ಆಮೇಲಾ ಅಂತ ಕೇಳುತ್ತಾರೆ. ಮೊದಲ ಪುಟದಲ್ಲಿ ಕಂಡಿದ್ದು, ಕೇಳಿಸಿದ್ದು, ಆಗಿನ ಗಂಟೆ ನಿಮಿಷ ಇಷ್ಟೇ ಇರಲಿ.

ಎರಡನೇ ಪ್ರಶ್ನೆ ಯಾವ ಹ್ಯಾಂಗರ್‌ನಲ್ಲೂ ಒಂದೇ: ಕೊನೆಗೆ ಕೈ ಹಾಕಿದ್ದು ಎಲ್ಲಿ? ಇಲ್ಲಿ ಉತ್ತರ ಕಣ್ಣಿಗೆ ಹೊಡೆಯುವಂತಿತ್ತು. ಇಂಧನ ತುಂಬಿಸಿದ್ದು. ಆದರೆ ಅಪಘಾತವಾದ ಜಾಗ ಯುದ್ಧಭೂಮಿ. ಚೂರುಗಳನ್ನೆಲ್ಲ ಹೆಕ್ಕಿ ತಂದು, ನೆಲದ ಮೇಲೆ ಹರಡಿ ಜೋಡಿಸಿ ನೋಡುವ ಭಾಗ್ಯ ತನಿಖೆ ಮಾಡಿದವರಿಗೆ ಇರಲಿಲ್ಲ. ರೇಡಿಯೋ ಮಾತು, ಒಂದಷ್ಟು ಫೋಟೋ, ಸಿಕ್ಕಿದ ರೆಕಾರ್ಡಿಂಗ್, ಉಳಿದ ನಿಮ್ರಾಡ್‌ಗಳ ಒಳಹೊರಗು. ಇವನ್ನೇ ಹಿಡಿದು ಮುಂದೆ ಹೋದರು.

ಮೊದಲ ಸುತ್ತು: ಭಾಗ

ಬೆಂಕಿಗೆ ಮೂರು ಬೇಕು. ಇಂಧನ, ಗಾಳಿ, ಕಿಡಿ ಅಥವಾ ಕಾವು. ಹಾಗಾಗಿ ಇಂಧನವೂ ಕಾವೂ ಒಂದೇ ಕಡೆ ಸೇರುವ ಜಾಗ ಹುಡುಕಬೇಕು. ನಿಮ್ರಾಡ್‌ನಲ್ಲಿ ಅಂಥ ಜಾಗ ಸಿಕ್ಕಿತು. ರೆಕ್ಕೆ ಮೈಗೆ ಸೇರುವ ಬುಡದಲ್ಲಿ, 7ನೇ ನಂಬರ್ ಟ್ಯಾಂಕಿನ ಪಕ್ಕ ಒಂದು ಪೊಳ್ಳು ಗೂಡಿದೆ. ಹೆಸರು ‘ಡ್ರೈ ಬೇ’, ಅಂದರೆ ಒಣಗಿರಬೇಕಾದ ಗೂಡು. ಅದರೊಳಗೆ ಎಂಜಿನ್ನಿನ ಬಿಸಿಗಾಳಿ ಸಾಗಿಸುವ ದಪ್ಪ ಕೊಳವೆ. ಒಳಗಿನ ಗಾಳಿ 400 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಮೇಲೆ ಕಾವು ತಡೆಯುವ ಹೊದಿಕೆ ಇತ್ತು, ಆದರೆ ಸಂದುಗಳೂ ಇದ್ದವು. ಅದೇ ಗೂಡಿನಲ್ಲಿ ಇಂಧನದ ಪೈಪುಗಳು, ಅವುಗಳ ಜೋಡಣೆಗಳು, ಸೀಲ್‌ಗಳು. ಬೆಂಕಿ ಪತ್ತೆ ಮಾಡುವ ಸಾಧನ ಅಲ್ಲಿರಲಿಲ್ಲ. ನಂದಿಸುವ ಸಾಧನವೂ ಇರಲಿಲ್ಲ. ಸಿಬ್ಬಂದಿಗೆ ಕೈ ಹಾಕಲು ದಾರಿಯೂ ಇಲ್ಲ. ಕಲಿಸಿದ್ದನ್ನೆಲ್ಲ ಅವರು ಚಾಚೂ ತಪ್ಪದೆ ಮಾಡಿದರು, ಆದರೂ ಆ ಬೆಂಕಿಯ ಮುಂದೆ ಅವರಿಗೆ ಅವಕಾಶವೇ ಇರಲಿಲ್ಲ.

ಇಂಧನ ಎಲ್ಲಿಂದ ಬಂತು? ಎರಡು ದಾರಿ ಕಂಡವು. ಗಾಳಿಯಲ್ಲಿ ತುಂಬಿಸುವಾಗ ಟ್ಯಾಂಕ್ ಉಕ್ಕಿ ಹೊರಬಂದು ಮೈಗುಂಟ ಹರಿದು ಒಳಸೇರಿದ್ದು ಒಂದು. ಪೈಪ್ ಜೋಡಣೆಯ ಸೀಲ್ ಬಿಟ್ಟುಕೊಟ್ಟಿದ್ದು ಇನ್ನೊಂದು. ಇವೆರಡರಲ್ಲಿ ಯಾವುದು ಅನ್ನೋದರ ಮೇಲೆ ಆಮೇಲೆ ತುಂಬ ಚರ್ಚೆ ನಡೆಯಿತು. ನನ್ನ ಕೇಳಿದರೆ ಅದು ಎರಡನೇ ಮಾತು. ಎರಡೂ ದಾರಿ ಕೊನೆಗೆ ಮುಟ್ಟುವುದು ಅದೇ ಬಿಸಿ ಕೊಳವೆಯನ್ನು.

ಈಗ ಕ್ಲಾಂಪ್ ಬಿಚ್ಚುವ ಹೊತ್ತು. ಇಂಧನದ ಪಕ್ಕದಲ್ಲಿ ಅಷ್ಟು ಬಿಸಿಯ ಕೊಳವೆಯನ್ನು ಯಾರಾದರೂ ಇಡುತ್ತಾರಾ? ಒಬ್ಬರೇ, ಒಂದೇ ದಿನ ಕೂತು ಇಡಲಿಲ್ಲ. ನಿಮ್ರಾಡ್ ಹುಟ್ಟಿದ್ದು ಹಳೆಯ ಕಾಮೆಟ್ ಪ್ರಯಾಣಿಕ ವಿಮಾನದ ಮೈಯಿಂದ. ಒಂದು ಎಂಜಿನ್ನಿನ ಗಾಳಿಯಿಂದ ಇನ್ನೊಂದನ್ನು ಚಾಲೂ ಮಾಡಲು ಅಡ್ಡ ಕೊಳವೆ ಎಳೆದಿದ್ದು 1960ರ ದಶಕದ ಕೊನೆಗೆ. ಎಂಆರ್ 2 ಆಗಿ ಬದಲಾಯಿಸುವಾಗ ಎಲೆಕ್ಟ್ರಾನಿಕ್ ಸಾಮಾನು ಜಾಸ್ತಿಯಾಯಿತು. ಅದನ್ನು ತಂಪಾಗಿಡಲು ಹೆಚ್ಚುವರಿ ಕೂಲಿಂಗ್ ಪ್ಯಾಕ್ ಬಂತು, ಅದಕ್ಕೆ ಬಿಸಿಗಾಳಿ ಒಯ್ಯುವ ಇನ್ನೊಂದು ಕೊಳವೆ ಆ ಗೂಡಿಗೆ ಸೇರಿತು. ಮೂರನೆಯದು ಗಾಳಿಯಲ್ಲೇ ಇಂಧನ ತುಂಬಿಸುವ ವ್ಯವಸ್ಥೆ. 1982ರ ಫಾಕ್‌ಲ್ಯಾಂಡ್ ಯುದ್ಧಕ್ಕೆ ಅವಸರದಲ್ಲಿ ಹಾಕಿದ್ದನ್ನು 1989ರಲ್ಲಿ ಕಾಯಂ ಮಾಡಿದರು. ಹಳೇ ಮನೆಗೆ ಮೂರು ಮೇಸ್ತ್ರಿಗಳು ಮೂರು ಕಾಲದಲ್ಲಿ ಕೆಲಸ ಮಾಡಿದ ಹಾಗೆ. ಒಬ್ಬ ಗ್ಯಾಸ್ ಪೈಪ್ ಎಳೆದ, ಇನ್ನೊಬ್ಬ ಅದರ ಪಕ್ಕದಲ್ಲೇ ಕರೆಂಟ್ ವೈರ್ ಎಳೆದ, ಮೂರನೆಯವ ಗಾಳಿ ಬರುತ್ತಿದ್ದ ಕಿಟಕಿ ಮುಚ್ಚಿದ. ಒಬ್ಬೊಬ್ಬರ ಬಿಲ್ ನೋಡಿದರೆ ಕೆಲಸ ಸರಿಯಾಗಿಯೇ ಇದೆ. ಅಡುಗೆಮನೆಯಲ್ಲಿ ನಿಂತು ಮೂರನ್ನೂ ಒಟ್ಟಿಗೆ ನೋಡಿದವರು ಯಾರೂ ಇಲ್ಲ.

ಬದಲಾವಣೆಗಳ ಪಟ್ಟಿಯನ್ನು ತಾರೀಖಿನ ಕ್ರಮದಲ್ಲಿ ಬರೆಯೋದರ ಜೊತೆಗೆ ಜಾಗದ ಕ್ರಮದಲ್ಲೂ ಬರೆಯಿರಿ. ಒಂದೇ ಗೂಡಿಗೆ ಮೂರು ಸಲ ಕೈ ಬಿದ್ದಿದೆ ಅಂತ ಆಗ ಮಾತ್ರ ಕಾಣುತ್ತದೆ.

ಎರಡನೇ ಸುತ್ತು: ಹಳೇ ಪುಸ್ತಕ

ಅಪಘಾತಕ್ಕೆ ಸುಮಾರು ಎರಡು ವರ್ಷ ಮುಂಚೆ, 2004ರ ನವೆಂಬರ್‌ನಲ್ಲಿ, ಇದರದೇ ತಂಗಿ ಎಕ್ಸ್‌ವಿ 227ರಲ್ಲಿ ಆ ಕೂಲಿಂಗ್ ಪ್ಯಾಕಿನ ಕೊಳವೆ ತುಕ್ಕು ಹಿಡಿದು ಹಾರಾಟದಲ್ಲೇ ಒಡೆದಿತ್ತು. ಬಿಸಿಗಾಳಿ ನುಗ್ಗಿ ಸುತ್ತಲಿನ ಭಾಗಗಳನ್ನು ಸುಟ್ಟಿತ್ತು. ವಿಮಾನ ಮಾತ್ರ ಸುರಕ್ಷಿತವಾಗಿ ಇಳಿಯಿತು. ಬಹುಶಃ ಅದೇ ಕೆಟ್ಟದ್ದಾಯಿತು. ಇಳಿದ ವಿಮಾನದ ಕಥೆ ‘ಒಂದು ಕೊಳವೆ ಹಾಳಾಗಿತ್ತು’ ಅನ್ನೋದಕ್ಕೇ ನಿಲ್ಲುತ್ತದೆ. ಆ ಗೂಡಿನಲ್ಲಿ ಅಷ್ಟು ಕಾವು ಯಾಕೆ, ಅದರ ಪಕ್ಕ ಏನೇನಿದೆ ಅಂತ ಆಗಲೇ ಕೇಳಬಹುದಿತ್ತು. ಕೇಳಲಿಲ್ಲ.

ಇನ್ನು ಇಂಧನ ಸೋರಿಕೆ. ಹಳೇ ವಿಮಾನ ಅಂದ ಮೇಲೆ ಸೋರೋದು ಇದ್ದದ್ದೇ ಅಂತ ಒಪ್ಪಿಕೊಂಡುಬಿಟ್ಟಿದ್ದರು. ಸೀಲ್‌ಗೆ ಇಂತಿಷ್ಟು ವರ್ಷ ಆಯಸ್ಸು ಅಂತ ಇರಲಿಲ್ಲ; ಸೋರಿದಾಗ ಬದಲಾಯಿಸುವುದು. ನಮ್ಮ ಎಡರೆಕ್ಕೆಯ ಹನಿ ನೆನಪಾಗುತ್ತದೆ. ಸೋರಿದರೆ ಸೀಲ್ ಹಾಕು, ಸಹಿ ಹಾಕು.

ಹಾಗಾಗಿ ಅಪಘಾತ ಆದ ವಿಮಾನದ ಪುಸ್ತಕ ಮಾತ್ರ ತೆರೆದರೆ ಸಾಲದು. ಅದೇ ಜಾತಿಯ ಎಲ್ಲ ವಿಮಾನಗಳ ಪುಸ್ತಕ ತೆರೆಯಬೇಕು. ‘ಏನೂ ಆಗಲಿಲ್ಲ’ ಅಂತ ಮುಗಿದ ಘಟನೆಗಳನ್ನು ಮೊದಲು ಓದಿ.

ಮೂರನೇ ಸುತ್ತು: ‘ಸರಿಯಿದೆ’ ಅಂದ ಕಾಗದ

ಇಲ್ಲಿಗೆ ಬರುವಷ್ಟರಲ್ಲಿ ಸಾಕಷ್ಟು ತನಿಖೆಗಳು ಸುಸ್ತಾಗಿರುತ್ತವೆ. ಬ್ರಿಟನ್ನಿನ ಮೊದಲ ತನಿಖಾ ಮಂಡಳಿ 2007ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ಭೌತಿಕ ಕಾರಣ ಬಹಳ ಮಟ್ಟಿಗೆ ಸಿಕ್ಕಿತು. 2008ರ ಮೇ ತಿಂಗಳಲ್ಲಿ ಸಾವಿನ ವಿಚಾರಣೆ ನಡೆಸಿದ ಅಧಿಕಾರಿ, ಈ ವಿಮಾನ ಯಾವತ್ತೂ ಹಾರಾಟಕ್ಕೆ ಯೋಗ್ಯವಾಗಿಯೇ ಇರಲಿಲ್ಲ ಅಂದರು. ಹಾಗಿದ್ದ ಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ಹಾರಿದ್ದು ಹೇಗೆ? ಯೋಗ್ಯ ಅಂತ ಬರೆದುಕೊಟ್ಟವರು ಯಾರು? ಈ ಪ್ರಶ್ನೆಗಳನ್ನು ಸರ್ಕಾರ ಹೊರಗಿನವರೊಬ್ಬರಿಗೆ, ವಕೀಲ ಚಾರ್ಲ್ಸ್ ಹ್ಯಾಡನ್-ಕೇವ್ ಅವರಿಗೆ, 2007ರ ಡಿಸೆಂಬರ್‌ನಲ್ಲೇ ಒಪ್ಪಿಸಿತ್ತು. ಅವರ ವರದಿ 2009ರ ಅಕ್ಟೋಬರ್ 28ಕ್ಕೆ ಹೊರಬಂತು.

ಅದರ ನಟ್ಟನಡುವೆ ಇರುವುದು ಒಂದು ಕಡತ. ಹೆಸರು ‘ಸೇಫ್ಟಿ ಕೇಸ್’. ಈ ವಿಮಾನದಲ್ಲಿ ಏನೇನು ಅಪಾಯ ಇದೆ, ಒಂದೊಂದಕ್ಕೂ ಏನು ಕಾವಲಿದೆ, ಒಟ್ಟಾರೆ ಯಾಕೆ ಸುರಕ್ಷಿತ ಅಂತ ಸಾಕ್ಷಿ ಸಮೇತ ವಾದಿಸುವ ಕಡತ. 2001ರಿಂದ 2005ರ ಒಳಗೆ ನಿಮ್ರಾಡ್‌ಗೆ ಇದನ್ನು ಮಾಡಿದರು. ತಯಾರಿಸಿದ್ದು ಬಿಎಇ ಸಿಸ್ಟಮ್ಸ್ ಕಂಪನಿ. ಮಾಡಿಸಿಕೊಂಡಿದ್ದು ರಕ್ಷಣಾ ಸಚಿವಾಲಯದ ನಿಮ್ರಾಡ್ ತಂಡ. ನಡುವೆ ಸ್ವತಂತ್ರವಾಗಿ ನೋಡಬೇಕಿದ್ದ ಸಲಹೆಗಾರ ಕ್ವಿನೆಟಿಕ್. ಮೂವರು ಸೇರಿ ನೋಡಿದರೆ ಆ ಗೂಡಿನ ಕೊಳವೆ ಕಣ್ಣಿಗೆ ಬೀಳಬೇಕಿತ್ತು.

ಬಿದ್ದೂ ಇತ್ತು, ಒಂದು ರೀತಿಯಲ್ಲಿ. ಆ ಜಾಗದ ಅಪಾಯಕ್ಕೆ ಒಂದು ನಂಬರ್ ಇತ್ತು, ಎದುರಿಗೆ ‘ಅಸಂಭವ’ ಅಂತ ಬರೆದಿತ್ತು. ಅಡ್ಡ ಕೊಳವೆಯಲ್ಲಿ ಬಿಸಿಗಾಳಿ ಹರಿಯೋದು ಎಂಜಿನ್ ಚಾಲೂ ಮಾಡುವಾಗ ಮಾತ್ರ ಅನ್ನೋ ತಪ್ಪು ತಿಳಿವಳಿಕೆ ಅದರ ಹಿಂದೆ ಇತ್ತು. ಹಾರಾಟದ ನಡುವೆಯೂ ಅದು ಬಿಸಿಯಾಗಿಯೇ ಇರುತ್ತಿತ್ತು. ವಿಮಾನ ಹಾರಿಸುವ ಯಾರನ್ನಾದರೂ ಕೇಳಿದ್ದರೆ ಐದು ನಿಮಿಷದಲ್ಲಿ ಹೇಳುತ್ತಿದ್ದರು. ಮೇಜಿನ ಮೇಲೆ ಕೂತು, ಫೋಟೋ ನೋಡಿ ತುಂಬಿದ ಕಡತಗಳ ಕಷ್ಟ ಇದು.

ಇನ್ನೊಂದು ಲೆಕ್ಕ ನೋಡಿ. ಕೆಲಸ ಮುಗಿಯಿತು ಅಂತ ಕಂಪನಿ ಕಡತ ಒಪ್ಪಿಸಿದಾಗ ಗುರುತಿಸಿದ ಅಪಾಯಗಳಲ್ಲಿ ಶೇ. 40ರಷ್ಟು ‘ಓಪನ್’ ಅಂತಲೇ ಉಳಿದಿದ್ದವು. ಶೇ. 30ರಷ್ಟಕ್ಕೆ ಯಾವ ವರ್ಗವೂ ಕೊಟ್ಟಿರಲಿಲ್ಲ. ಪಡೆದವರು ಪಡೆದುಕೊಂಡರು. ಸಲಹೆಗಾರರು ಆಕ್ಷೇಪ ಎತ್ತಲಿಲ್ಲ. ಹತ್ತು ಸ್ನ್ಯಾಗ್‌ನಲ್ಲಿ ನಾಲ್ಕು ತೆರೆದೇ ಇರುವ ವಿಮಾನವನ್ನು ನಾನು ‘ಸರ್ವಿಸಬಲ್’ ಅಂತ ಬಿಟ್ಟಿದ್ದರೆ ಆ ಹಾಸನದ ಸೀನಿಯರ್ ಸ್ಪ್ಯಾನರ್ ಎತ್ತಿಕೊಂಡು ಅಟ್ಟಿಸಿಕೊಂಡು ಬರುತ್ತಿದ್ದರು.

ಯಾಕೆ ಹೀಗಾಯಿತು? ‘ಹೇಗೂ ಸುರಕ್ಷಿತ’ ಅನ್ನೋ ನಂಬಿಕೆ. ಮೂವತ್ತು ವರ್ಷ ಹಾರಿದೆ, ಇನ್ನೇನು ಬೇಕು? ಹಾಗಾಗಿ ಸೇಫ್ಟಿ ಕೇಸ್ ಅಂದರೆ ಗೊತ್ತಿರುವ ಉತ್ತರಕ್ಕೆ ಕಾಗದ ಜೋಡಿಸುವ ಕೆಲಸ ಆಯಿತು. ಜೊತೆಗೆ ದುಡ್ಡು. 1998ರ ರಕ್ಷಣಾ ಪರಾಮರ್ಶೆಯ ನಂತರ ನಿರ್ವಹಣೆಯ ಖರ್ಚನ್ನು ಶೇ. 20ರಷ್ಟು ಇಳಿಸುವ ಗುರಿ ಬಂತು, ಇಲಾಖೆಗಳನ್ನು ಸೇರಿಸಿದರು, ಒಡೆದರು, ಮತ್ತೆ ಸೇರಿಸಿದರು. ಮೊದಲು ವಿಮಾನದ ಯೋಗ್ಯತೆ ಬಲ್ಲವನು ಮೇಲೇರುತ್ತಿದ್ದ, ಆಮೇಲೆ ಬಜೆಟ್ ಬಲ್ಲವನು ಮೇಲೇರಿದ ಅನ್ನೋ ಅರ್ಥದ ಮಾತನ್ನು ಹಿಂದಿನ ಅಧಿಕಾರಿಯೊಬ್ಬರೇ ಆ ವಿಚಾರಣೆಯಲ್ಲಿ ಹೇಳಿದ್ದರು.

ಈ ಸುತ್ತಿನಲ್ಲಿ ನೀವು ಕೇಳಬೇಕಾದದ್ದು ಹೀಗೆ. ಸಹಿ ಹಾಕಿದವರು ಓದಿದ್ದರಾ? ಓದಿದವರು ವಿಮಾನ ನೋಡಿದ್ದರಾ? ‘ಇಲ್ಲ’ ಅನ್ನೋ ಅಧಿಕಾರ ಅವರಿಗೆ ಇತ್ತಾ, ಅಂದರೆ, ಇಲ್ಲ ಅಂದಿದ್ದರೆ ನಾಳೆ ಅವರ ಗತಿ ಏನಾಗುತ್ತಿತ್ತು? ಕೊನೆಯದಕ್ಕೆ ಲಿಖಿತ ಉತ್ತರ ಯಾವ ಕಚೇರಿಯೂ ಕೊಡುವುದಿಲ್ಲ. ಚಹಾ ಕುಡಿಯುವಾಗ ಕೇಳಬೇಕು.

ಟೆಸ್ಟನ್ನೇ ಟೆಸ್ಟ್ ಮಾಡಿ

ಮಲ್ಟಿಮೀಟರ್ ತಂತಿಯ ತುದಿಗಳನ್ನು ಮೊದಲು ಒಂದಕ್ಕೊಂದು ತಾಗಿಸಿ ನೋಡುತ್ತೇವೆ. ಮೀಟರ್ರೇ ಸತ್ತಿದ್ದರೆ ಎಲ್ಲ ಅಳತೆಯೂ ಸುಳ್ಳು. ದೊಡ್ಡ ವ್ಯವಸ್ಥೆಗಳಲ್ಲಿ ಇದನ್ನು ಮರೆಯುತ್ತಾರೆ.

2011ರ ನವೆಂಬರ್ 8. ಇಂಗ್ಲೆಂಡಿನ ಸ್ಕ್ಯಾಂಪ್ಟನ್ ನೆಲೆ. ರೆಡ್ ಆರೋಸ್ ಪ್ರದರ್ಶನ ತಂಡದ ಹಾಕ್ ವಿಮಾನ ಇನ್ನೂ ನೆಲದ ಮೇಲಿತ್ತು. ಹಾರುವ ಮುಂಚಿನ ತಪಾಸಣೆ ನಡೆಯುತ್ತಿತ್ತು. ಅಪಾಯದಲ್ಲಿ ಪೈಲಟ್‌ನನ್ನು ಹೊರಗೆಸೆದು ಉಳಿಸುವ ಎಜೆಕ್ಷನ್ ಸೀಟು ಇದ್ದಕ್ಕಿದ್ದ ಹಾಗೆ ಅವನನ್ನು ಹೊತ್ತು ಮೇಲಕ್ಕೆ ಚಿಮ್ಮಿತು. ಅದು ನಿಂತಲ್ಲಿಂದಲೇ ಚಿಮ್ಮಿದರೂ ಜೀವ ಉಳಿಸಬೇಕಾದ ಸೀಟು. ಆದರೆ ಪ್ಯಾರಾಶೂಟ್ ಬಿಚ್ಚಿಕೊಳ್ಳಲೇ ಇಲ್ಲ.

ಎರಡು ದೋಷ. ಕಾಲುಗಳ ನಡುವಿನ ಎಳೆಯುವ ಹಿಡಿ ಮೊದಲೇ ಜಾಗ ಬಿಟ್ಟು ಮೇಲೆದ್ದಿತ್ತು. ಹಾಗಿದ್ದರೂ ಸೇಫ್ಟಿ ಪಿನ್ ಅದರೊಳಗೆ ಆರಾಮಾಗಿ ಕೂತಿತ್ತು! ಪಿನ್ ಇದೆಯಾ ಅಂತ ನೋಡಿದವರಿಗೆಲ್ಲ ‘ಇದೆ’ ಅನ್ನೋ ಉತ್ತರವೇ ಸಿಕ್ಕಿತು. ಹಿಡಿ ಸರಿಯಿದ್ದಾಗಲೂ ತಪ್ಪಿದ್ದಾಗಲೂ ಒಂದೇ ಉತ್ತರ ಕೊಡುವ ತಪಾಸಣೆ ಅದು. ಇನ್ನೊಂದು, ಪ್ಯಾರಾಶೂಟಿನ ಒಂದು ಬೋಲ್ಟ್ ಅತಿಯಾಗಿ ಬಿಗಿದಿತ್ತು. ಅದು ಬಿಟ್ಟುಕೊಡಬೇಕಾದ ಕೊಂಡಿಯನ್ನು ಹಿಂಡಿ ಹಿಡಿಯಿತು. ಹೀಗೆ ಬಿಗಿಯಬಾರದು ಅನ್ನೋ ಎಚ್ಚರಿಕೆ ಬೇರೆ ಕೆಲವರಿಗೆ ಹೋಗಿತ್ತು, ಬ್ರಿಟನ್ನಿನ ರಕ್ಷಣಾ ಸಚಿವಾಲಯಕ್ಕೆ ಮುಟ್ಟಿರಲಿಲ್ಲ. ಸೀಟು ಮಾಡಿದ ಮಾರ್ಟಿನ್-ಬೇಕರ್ ಕಂಪನಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. 2018ರಲ್ಲಿ 11 ಲಕ್ಷ ಪೌಂಡ್ ದಂಡ ಬಿತ್ತು.

ನಿಮ್ಮಲ್ಲಿರುವ ಯಾವುದೇ ಚೆಕ್‌ಲಿಸ್ಟ್‌ನ ಒಂದು ಸಾಲು ತೆಗೆದುಕೊಳ್ಳಿ. ಬೇಕಂತಲೇ ಆ ದೋಷ ಹುಟ್ಟಿಸಿ ತಪಾಸಣೆ ಮಾಡಿ ನೋಡಿ. ಆಗಲೂ ಸುಮ್ನೆ ‘ಓಕೆ’ ಬಂದರೆ ಆ ಸಾಲಿಗೆ ಬೆಲೆ ಇಲ್ಲ.

‘ಪೈಲಟ್ ತಪ್ಪು’ ಅಂತ ಬಂದರೆ

ಇದು ಸೀಲ್ ಬದಲಾಯಿಸಿದ ಹಾಗೆ. ಕೆಲವೊಮ್ಮೆ ನಿಜವಾಗಿಯೂ ಸೀಲ್ ಹೋಗಿರುತ್ತದೆ. ಆದರೆ ಅಲ್ಲಿಗೆ ಪುಸ್ತಕ ಮುಚ್ಚಿದರೆ ಹನಿ ಮತ್ತೆ ಬೀಳುತ್ತದೆ.

1994ರ ಜೂನ್ 2ರಂದು ಸ್ಕಾಟ್ಲೆಂಡಿನ ಮಲ್ ಆಫ್ ಕಿನ್‌ಟೈರ್ ಗುಡ್ಡಕ್ಕೆ ಚಿನೂಕ್ ಹೆಲಿಕಾಪ್ಟರ್ ಝಡ್‌ಡಿ 576 ಬಡಿಯಿತು. 29 ಜನ ಸತ್ತರು. ಅದರಲ್ಲಿ ಹಾರಾಟದ ರೆಕಾರ್ಡರ್ ಇರಲಿಲ್ಲ, ಮಾತು ಹಿಡಿಯುವ ರೆಕಾರ್ಡರ್ ಕೂಡ ಇರಲಿಲ್ಲ. ಸತ್ತ ಪೈಲಟ್ ಮೇಲೆ ನಿರ್ಲಕ್ಷ್ಯದ ತೀರ್ಪು ಕೊಡಬೇಕಾದರೆ ಎಳ್ಳಷ್ಟೂ ಅನುಮಾನ ಇರಬಾರದು ಅಂತ ಬ್ರಿಟನ್ ವಾಯುಪಡೆಯದೇ ನಿಯಮ ಇತ್ತು. ತನಿಖಾ ಮಂಡಳಿಯೂ ಪೈಲಟ್‌ಗಳ ಮೇಲೆ ಅಂಥ ತೀರ್ಪು ಕೊಟ್ಟಿರಲಿಲ್ಲ. ವರದಿಯನ್ನು ಪರಿಶೀಲಿಸಿದ ಇಬ್ಬರು ಹಿರಿಯ ಅಧಿಕಾರಿಗಳು ಅದರ ಮೇಲೆ ‘ಘೋರ ನಿರ್ಲಕ್ಷ್ಯ’ ಅಂತ ಬರೆದರು. ಅದು ಅಳಿಯಲು 17 ವರ್ಷ ಬೇಕಾಯಿತು. 2011ರ ಜುಲೈನಲ್ಲಿ ಲಾರ್ಡ್ ಫಿಲಿಪ್ ಅವರ ಪರಿಶೀಲನೆ ಬಂದ ಮೇಲೆ ಆ ತೀರ್ಪನ್ನು ತೆಗೆದುಹಾಕಿ, ರಕ್ಷಣಾ ಸಚಿವರು ಮನೆಯವರ ಕ್ಷಮೆ ಕೇಳಿದರು.

ಈಗ ನಮ್ಮಲ್ಲಿಗೆ ಬನ್ನಿ. 2021ರ ಡಿಸೆಂಬರ್ 8, ನೀಲಗಿರಿಯ ಕೂನೂರು. ಸೂಲೂರಿನಿಂದ ವೆಲಿಂಗ್ಟನ್‌ಗೆ ಹೊರಟಿದ್ದ ಎಂಐ-17 ವಿ5. ಜನರಲ್ ಬಿಪಿನ್ ರಾವತ್ ಸೇರಿ ಒಳಗಿದ್ದ 14 ಜನರಲ್ಲಿ ಆ ದಿನ ಬದುಕುಳಿದವರು ಒಬ್ಬರೇ. ಆ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಡಿಸೆಂಬರ್ 15ರಂದು ತೀರಿಕೊಂಡರು. ಮೂರೂ ಸೇನೆಗಳ ಜಂಟಿ ತನಿಖೆ ನಡೆಯಿತು. 2022ರ ಜನವರಿಯಲ್ಲಿ ಹೊರಬಿದ್ದ ಮಾತು ಸ್ಪಷ್ಟವಾಗಿತ್ತು. ಯಂತ್ರದ ದೋಷ ಅಲ್ಲ, ಬುಡಮೇಲು ಕೃತ್ಯ ಅಲ್ಲ, ನಿರ್ಲಕ್ಷ್ಯವೂ ಅಲ್ಲ. ಕಣಿವೆಯಲ್ಲಿ ಹವಾಮಾನ ಅನಿರೀಕ್ಷಿತವಾಗಿ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೋಯಿತು, ಪೈಲಟ್‌ಗೆ ದಿಕ್ಕಿನ ಅಂದಾಜು ತಪ್ಪಿತು, ಹತೋಟಿಯಲ್ಲಿದ್ದ ಯಂತ್ರವೇ ನೆಲಕ್ಕೆ ಬಡಿಯಿತು.

ದಿಕ್ಕು ತಪ್ಪೋದು ಅಂದರೆ ದಾರಿ ತಪ್ಪೋದಲ್ಲ. ತಿರುಗುವ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರಿ, ಯಾರಾದರೂ ಒಂದೇ ವೇಗದಲ್ಲಿ ತಿರುಗಿಸಲಿ. ಸ್ವಲ್ಪ ಹೊತ್ತಿಗೆ ನಿಂತಿದ್ದೇನೆ ಅನಿಸುತ್ತದೆ. ನಿಲ್ಲಿಸಿದಾಗ ಉಲ್ಟಾ ತಿರುಗುತ್ತಿದ್ದೇನೆ ಅನಿಸುತ್ತದೆ. ಒಳಕಿವಿ ಹಾಗೆ ಸುಳ್ಳು ಹೇಳುತ್ತದೆ, ಎಷ್ಟು ವರ್ಷದ ಅನುಭವ ಇದ್ದರೂ. ಬೆಂಗಳೂರಿನ ವಿಮಾನಪುರದಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಪೈಲಟ್‌ಗಳಿಗೆ ಇದನ್ನೇ ಯಂತ್ರದಲ್ಲಿ ಕೂರಿಸಿ ಕಲಿಸುತ್ತಾರೆ.

2024ರ ಡಿಸೆಂಬರ್‌ನಲ್ಲಿ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ವರದಿಯ ಪಟ್ಟಿಯಲ್ಲಿ ಇದೇ ಅಪಘಾತದ ಎದುರು ಕಂಡ ಕಾರಣ: ‘ಮಾನವ ದೋಷ (ವಿಮಾನ ಸಿಬ್ಬಂದಿ)’. ಸುದ್ದಿಯಾಗಿದ್ದು ಇಷ್ಟೇ. ತಾಂತ್ರಿಕವಾಗಿ ಅದು ಒಂದು ವರ್ಗದ ಹೆಸರು, ಬೈಗುಳ ಅಲ್ಲ. ಆದರೆ ಎರಡು ಪದದ ಚೀಟಿ ಅಂಟಿಸಿದ ತಕ್ಷಣ ಮೋಡ, ಕಣಿವೆ, ಹವಾಮಾನದ ಮಾಹಿತಿ, ಒಳಕಿವಿ ಎಲ್ಲ ಮಾಯ. ದೋಷ ಹುಡುಕುವವರು ಈ ಚೀಟಿಯಿಂದಲೇ ಶುರು ಮಾಡಬೇಕು. ಆ ಹೊತ್ತಿನಲ್ಲಿ ಆ ಜಾಗದಲ್ಲಿ ಇನ್ಯಾವ ಒಳ್ಳೆಯ ಪೈಲಟ್ ಇದ್ದಿದ್ದರೂ ಇದೇ ಆಗುತ್ತಿತ್ತಾ? ‘ಹೌದು’ ಅಂತ ಬಂದರೆ ಪೈಲಟ್ ಸೀಲ್. ಕ್ಲಾಂಪ್ ಇನ್ನೆಲ್ಲೋ ಇದೆ.

ಕೇಳುವವರು ಯಾರು?

ತನಿಖೆಯಲ್ಲಿ ನಾನು ಹೇಳಿದ್ದು ನಾಳೆ ನನಗೇ ಹಗ್ಗ ಆಗುತ್ತದೆ ಅಂದರೆ ನಾನು ಬಾಯಿ ಬಿಡುವುದಿಲ್ಲ. ನೀವೂ ಬಿಡುವುದಿಲ್ಲ. ಹಾಗಾಗಿ ಸೇನೆಗಳು ಕಾರಣ ಹುಡುಕುವ ಕೆಲಸವನ್ನು ಶಿಕ್ಷೆ ಕೊಡುವ ಕೆಲಸದಿಂದ ಬೇರೆ ಇಡಲು ನೋಡುತ್ತವೆ. ಅಮೆರಿಕದ ವಾಯುಪಡೆ ಎರಡು ಮಂಡಳಿಗಳನ್ನೇ ಮಾಡುತ್ತದೆ. ಒಂದು ಸುರಕ್ಷತೆಗೆ, ಅದರ ಮುಂದೆ ಗುಟ್ಟಿನ ಭರವಸೆ ಪಡೆದು ಹೇಳಿದ್ದು ಹೊರಗೆ ಹೋಗುವುದಿಲ್ಲ. ಇನ್ನೊಂದು ಕಾನೂನಿಗೆ ಮತ್ತು ಸಾರ್ವಜನಿಕರಿಗೆ. ಅದರ ವರದಿ ಹೊರಬರುತ್ತದೆ. ಬ್ರಿಟನ್ನಿನ ‘ಸರ್ವಿಸ್ ಇನ್‌ಕ್ವೈರಿ’ಗೆ ಯಾರನ್ನೂ ದೂಷಿಸುವ ಕೆಲಸ ಇಲ್ಲ. ಅದು ನೇರ ಕಾರಣ, ನೆರವಾದ ಅಂಶ, ಪರಿಣಾಮ ಹೆಚ್ಚಿಸಿದ ಅಂಶ ಅಂತ ವಿಂಗಡಿಸಿ ಬರೆಯುತ್ತದೆ.

ನಮ್ಮಲ್ಲಿ ಇರುವುದು ಕೋರ್ಟ್ ಆಫ್ ಎನ್‌ಕ್ವೈರಿ. ಹೆಸರಲ್ಲಿ ಕೋರ್ಟ್ ಇದ್ದರೂ ಅದು ಸಂಗತಿ ಸಂಗ್ರಹಿಸುವ ಮಂಡಳಿ. ಭೂಸೇನೆಗೆ ಅನ್ವಯಿಸುವ 1954ರ ಸೇನಾ ನಿಯಮಗಳ 182ನೇ ನಿಯಮದ ಪ್ರಕಾರ ಅಲ್ಲಿ ಹೇಳಿದ ಮಾತನ್ನು ಆಮೇಲೆ ಆ ವ್ಯಕ್ತಿಯ ವಿರುದ್ಧ ಸಾಕ್ಷಿಯಾಗಿ ಬಳಸುವಂತಿಲ್ಲ, ಬೇಕಂತಲೇ ಸುಳ್ಳು ಸಾಕ್ಷಿ ಹೇಳಿದ ಮೊಕದ್ದಮೆ ಬಿಟ್ಟು. ಯಾರ ಹೆಸರಿಗೆ ಮಸಿ ಬೀಳುವಂತಿದೆಯೋ ಅವರು ಉದ್ದಕ್ಕೂ ಹಾಜರಿದ್ದು ಪ್ರಶ್ನೆ ಕೇಳಬಹುದು ಅಂತ 180ನೇ ನಿಯಮ ಹೇಳುತ್ತದೆ. ಕಾಗದದ ಮೇಲೆ ಒಳ್ಳೆಯ ಕಾವಲು. ಆದರೆ ಪೂರ್ತಿ ವರದಿ ಸಾಮಾನ್ಯವಾಗಿ ಹೊರಬರುವುದಿಲ್ಲ. ಗುಟ್ಟಿನ ಸಂಗತಿ ಅಳಿಸಿ ಉಳಿದದ್ದನ್ನು ಬ್ರಿಟನ್ ಪ್ರಕಟಿಸುತ್ತದೆ, ಅದನ್ನು ಇನ್ನೊಂದು ನೆಲೆಯ ಫಿಟ್ಟರ್ ಕೂಡ ಓದಬಹುದು. ನಮ್ಮಲ್ಲೂ ಹಾಗಾಗಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ರಿಪೇರಿ

ನಿಮ್ರಾಡ್ ಎಂಆರ್ 2 ವಿಮಾನಗಳು 2010ರ ಮಾರ್ಚ್ ಕೊನೆಗೆ ನಿವೃತ್ತಿಯಾದವು. ಏಪ್ರಿಲ್ 1ಕ್ಕೆ ಬ್ರಿಟನ್ನಿನಲ್ಲಿ ಸೇನಾ ವಿಮಾನಯಾನ ಪ್ರಾಧಿಕಾರ ಶುರುವಾಯಿತು. ವಿಮಾನ ಕೊಳ್ಳುವವರು, ಹಾರಿಸುವವರು ಯಾರ ಕೈಕೆಳಗೂ ಇರದೆ ನಿಯಮ ಮಾಡುವ, ತಪಾಸಣೆ ಮಾಡುವ ಸಂಸ್ಥೆ. 2015ರಲ್ಲಿ ನೆಲ, ನೀರು, ಗಾಳಿ ಎಲ್ಲಕ್ಕೂ ಸೇರಿ ರಕ್ಷಣಾ ಸುರಕ್ಷತಾ ಪ್ರಾಧಿಕಾರ ಬಂತು. ಅಪಘಾತ ತನಿಖಾ ವಿಭಾಗ ಅದರೊಳಗೆ ಸೇರಿತು.

ನನಗೆ ಇದಕ್ಕಿಂತ ಹಿಡಿಸಿದ್ದು ‘ಡ್ಯೂಟಿ ಹೋಲ್ಡರ್’ ಪದ್ಧತಿ. ಒಂದೊಂದು ವಿಮಾನದ ಜೀವಾಪಾಯಕ್ಕೆ ಮೂರು ಹಂತದಲ್ಲಿ ಹೆಸರಿರುವ ಮನುಷ್ಯರು ಹೊಣೆ. ತಳದಲ್ಲಿ ನೆಲೆಯ ಕಮಾಂಡರ್, ತುದಿಯಲ್ಲಿ ಆ ಸೇನೆಯ ಮುಖ್ಯಸ್ಥರು. ಅಪಾಯ ತನ್ನ ಕೈ ಮೀರಿದೆ ಅನಿಸಿದರೆ ಕೆಳಗಿನವರು ಮೇಲಕ್ಕೆ ಒಪ್ಪಿಸಬೇಕು, ಇಲ್ಲವೇ ಹಾರಾಟ ನಿಲ್ಲಿಸಬೇಕು. ‘ಸಂಬಂಧಪಟ್ಟ ಇಲಾಖೆ’ ಅಂತ ಬರೆದು ಜಾರಿಕೊಳ್ಳಲು ಆಗುವುದಿಲ್ಲ.

ಭಾರತದಲ್ಲಿ ಸೇನಾ ವಿಮಾನ ಹಾರಾಟಕ್ಕೆ ಯೋಗ್ಯ ಅಂತ ಪ್ರಮಾಣಪತ್ರ ಕೊಡುವ ಸೆಮಿಲ್ಯಾಕ್ ಇರುವುದು ಬೆಂಗಳೂರಿನ ಮಾರತ್‌ಹಳ್ಳಿಯಲ್ಲಿ. ಅದು ಡಿಆರ್‌ಡಿಒದ ಭಾಗ. ಗುಣಮಟ್ಟ ನೋಡುವುದು ಡಿಜಿಎಕ್ಯೂಎ. ಧ್ರುವ್ ಹೆಲಿಕಾಪ್ಟರ್ ವಿನ್ಯಾಸ ಮಾಡಿ ಕಟ್ಟುವ ಎಚ್‌ಎಎಲ್ ಕೂಡ ಅದೇ ಊರಿನದು. ಕಟ್ಟುವವರು, ಒಪ್ಪುವವರು, ಕೊಳ್ಳುವವರು ಎಲ್ಲರಿಗೂ ತಲೆಯ ಮೇಲೆ ಒಂದೇ ಸಚಿವಾಲಯ. ಅವರ ಜಾಣತನದ ಬಗ್ಗೆ ನನಗೆ ಅನುಮಾನ ಇಲ್ಲ. ‘ಇಲ್ಲ’ ಅನ್ನುವ ಕುರ್ಚಿ ಎಷ್ಟು ದೂರದಲ್ಲಿದೆ ಅನ್ನೋದಷ್ಟೇ ಪ್ರಶ್ನೆ.

ಧ್ರುವ್‌ದೇ ನೋಡಿ. 2023ರಲ್ಲಿ ಒಂದರ ಹಿಂದೊಂದು ಅವಘಡ ಆದಾಗ ಹಾರಾಟ ನಿಲ್ಲಿಸಿ ಕಂಟ್ರೋಲ್ ರಾಡ್‌ಗಳನ್ನು ಬದಲಾಯಿಸಿದರು. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ರಕ್ಷಣಾ ಪಡೆಯ ಧ್ರುವ್ ಬಿದ್ದು ಮೂವರು ಸತ್ತರು. ಈ ಸಲ ಒಡೆದಿದ್ದು ಸ್ವಾಶ್‌ಪ್ಲೇಟ್. ಭಾಗ ಬೇರೆ. ಆದರೆ ಎರಡೂ ಇರುವುದು ಪೈಲಟ್‌ನ ಕೈಯಿಂದ ರೋಟರ್‌ಗೆ ಹೋಗುವ ಒಂದೇ ಸಾಲಿನಲ್ಲಿ. ಮತ್ತೆ ಇಡೀ ಪಡೆ ತಿಂಗಳುಗಟ್ಟಲೆ ನೆಲದ ಮೇಲೆ. ಜಾಗದ ಕ್ರಮದಲ್ಲಿ ಪಟ್ಟಿ ಬರೆಯಿರಿ ಅಂದಿದ್ದು ಇಂಥದ್ದಕ್ಕೇ.

ರಿಪೇರಿ ಹಿಡಿದಿದೆಯಾ?

ಅಪಘಾತಗಳ ಸಂಖ್ಯೆ ಇಳಿಯಿತು ಅನ್ನೋದನ್ನು ನಾನು ಬೇಗ ನಂಬುವುದಿಲ್ಲ. ಎರಡು ವರ್ಷ ಅದೃಷ್ಟ ಚೆನ್ನಾಗಿದ್ದರೂ ಅದು ಇಳಿಯುತ್ತದೆ. ಸಣ್ಣ ಘಟನೆಗಳ ವರದಿ ಜಾಸ್ತಿಯಾಯಿತಾ ನೋಡಿ. ಸ್ಪ್ಯಾನರ್ ಮರೆತೆ, ಬೋಲ್ಟ್ ಬಿಗಿಯಲಿಲ್ಲ, ಕೊನೇ ಕ್ಷಣದಲ್ಲಿ ನೆನಪಾಯಿತು ಅಂತ ಹುಡುಗರು ತಾವೇ ಬರೆದುಕೊಡುತ್ತಿದ್ದರೆ ಎಲ್ಲೋ ಏನೋ ಸರಿಯಾಗಿದೆ. ವರದಿಗಳು ದಿಢೀರನೆ ನಿಂತುಹೋದರೆ ಹೋಗಿ ನೋಡಿ, ಅಲ್ಲಿ ಇತ್ತೀಚೆಗೆ ಯಾರಿಗೋ ಶಿಕ್ಷೆ ಆಗಿರುತ್ತದೆ.

ಆ ಎಡರೆಕ್ಕೆಗೆ ಸರಿಯಾದ ಬ್ರಾಕೆಟ್ ಬಂತು, ಪೈಪ್ ತನ್ನ ಪಾಡಿಗೆ ತಾನು ಕೂತಿತು, ಹೊಸ ಸೀಲ್ ಹಾಕಿದೆವು. ಸಹಿ ಹಾಕಲು ಪೆನ್ ತೆಗೆದಾಗ ಸೀನಿಯರ್ ನನ್ನ ಕೈ ಹಿಡಿದರು. “ಸಹಿ ಹಾಕು, ವಿಮಾನ ಹೋಗಲಿ. ಸ್ನ್ಯಾಗ್ ಮಾತ್ರ ನಿನ್ನ ಡೈರಿಯಲ್ಲಿ ತೆರೆದೇ ಇರಲಿ” ಅಂದರು. ಅದೇ ಬ್ರಾಕೆಟ್ ಬೇರೆ ವಿಮಾನಗಳಲ್ಲಿ ಹೇಗಿದೆ ಅಂತ ಆ ವಾರವೆಲ್ಲ ನನ್ನನ್ನು ಏಣಿ ಹತ್ತಿಸಿದರು. ಇನ್ನೊಂದರಲ್ಲೂ ಅಳತೆ ತಪ್ಪಿದ್ದು ಸಿಕ್ಕಿತು. ಅದು ಇನ್ನೂ ಸೋರಲು ಶುರು ಮಾಡಿರಲಿಲ್ಲ. ಆಮೇಲೆ ಒಂದು ತಿಂಗಳು ಬೆಳಗಿನ ಚಹಾಕ್ಕೆ ಮುಂಚೆ ಅವರು ಆ ಎಡರೆಕ್ಕೆಯ ಕೆಳಗೆ ಹಳೇ ಬಿಳಿ ಪಂಚೆಯ ತುಂಡು ಹಾಸುತ್ತಿದ್ದರು, ಸಂಜೆ ಬಂದು ಎತ್ತಿ ಬೆಳಕಿಗೆ ಹಿಡಿದು ನೋಡಿ, ಮಡಚಿ ಜೇಬಿಗಿಡುತ್ತಿದ್ದರು.